ಬೀಗ ಹಾಕಿದ ಮನೆಗಳ ಸಮೀಕ್ಷೆ

ಸಾರ್ವಜನಿಕ ನೀತಿಯ ಅಧ್ಯಯನ ಕೇಂದ್ರದಲ್ಲಿ ಕೆಲಸ ಎಂದರೆ ನಮ್ಮ ಕಡೆಯವರಿಗೆ ನಾನೇನೋ ಮಂತ್ರಿಗಳ ಕಿವಿಯಲ್ಲಿ ಮಾತಾಡುವವನು ಎಂಬ ಭಾವನೆ. ರಜೆಯಲ್ಲಿ ಕೊಟ್ಟೂರಿಗೆ ಹೋದರೆ ಬಸ್ ಸ್ಟ್ಯಾಂಡಿನಲ್ಲೇ ಯಾರಾದರೂ ಹಿಡಿದು ನಿಲ್ಲಿಸಿ, "ಏನಪಾ ಕೊಟ್ರೇಶಿ, ದಿಲ್ಲ್ಯಾಗ ಏನ್ ನಡಸೀರಿ?" ಎಂದು ಕೇಳುತ್ತಿದ್ದರು. ದಿಲ್ಲಿಯಲ್ಲಿ ಏನು ನಡೆದಿದೆ ಎಂಬುದು ನನಗೂ ಪೇಪರ್ ಓದಿದ ಮೇಲೆಯೇ ಗೊತ್ತಾಗುತ್ತಿತ್ತು. ನನಗೆ ಖಚಿತವಾಗಿ ಗೊತ್ತಿರುತ್ತಿದ್ದದ್ದು ನಾಳೆ ಯಾವ ಕಾಲೊನಿ, ಯಾವ ಗಲ್ಲಿ, ಎಷ್ಟು ಮನೆ ಎಂಬುದು ಮಾತ್ರ.

ನಾನು ದಿಲ್ಲಿಯ ಹೌಜ್ ಖಾಸ್ ಹತ್ತಿರದ ಒಂದು ಸಣ್ಣ ಕೇಂದ್ರದಲ್ಲಿ ಸಮೀಕ್ಷೆಯ ಮೇಲ್ವಿಚಾರಕನಾಗಿದ್ದೆ. ಪ್ರಾಧ್ಯಾಪಕರು ಯೋಚಿಸಿ ಬರೆದ ಪ್ರಶ್ನೆಗಳನ್ನು ಹಿಡಿದು ಮನೆಮನೆಗೆ ಹೋಗುವ ತಂಡ ನನ್ನದು. ನೀರು, ರೇಷನ್, ಶಾಲೆ, ಬಸ್ಸು ಹೀಗೆ ಸರ್ಕಾರ ಯಾವುದರ ಬಗ್ಗೆ ತಲೆ ಕೆರೆದುಕೊಳ್ಳುತ್ತಿದೆಯೋ ಅದರ ಬಗ್ಗೆ ನಾವು ಬಾಗಿಲು ತಟ್ಟುತ್ತಿದ್ದೆವು. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಅಂಕಲ್, ನಿಮ್ಮ ಅನುಭವ ಸ್ವಲ್ಪ ಬರೆದು ಕೊಡಿ" ಎಂದು ಕೇಳುತ್ತಾರೆ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ಅದನ್ನು ಬಿಡುತ್ತೇನೆ. ಮಾಡಿದ ಎಡವಟ್ಟುಗಳನ್ನು ಬರೆಯುತ್ತೇನೆ. ಕಲಿಯುವುದಿದ್ದರೆ ಅವುಗಳಿಂದಲೇ.

ಎಡವಟ್ಟುಗಳ ಜೊತೆಗೇ ಬರುವ ಹೆಸರು ಪ್ರೊಫೆಸರ್ ಲವೀನಾ ಮೇಡಂ ಅವರದು. ಮಂಗಳೂರಿನವರು. ನಾನು ಸೇರುವ ಹೊತ್ತಿಗೆ ಅವರು ದಿಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು, ಆದರೂ ಬಾಯಲ್ಲಿ "ಮಾರಾಯ್ರೆ" ಹಾಗೇ ಇತ್ತು. ಸೀರೆಯ ಮೇಲೆ ಚಳಿಗಾಲದಲ್ಲಿ ಗಂಡಸರ ಕೋಟು, ಬೇಸಿಗೆಯಲ್ಲಿ ತಲೆಗೆ ಒದ್ದೆ ಟವೆಲ್. ದೊಡ್ಡ ದೊಡ್ಡ ಸಮಿತಿಗಳು ಅವರ ವರದಿಗೆ ಕಾಯುತ್ತಿದ್ದವು. ಅವರು ಮಾತ್ರ ಒಂದು ಪ್ರಶ್ನೆಯ ವಾಕ್ಯ ಸರಿ ಹೋಗಲಿಲ್ಲವೆಂದು ಇಡೀ ದಿನ ಕೂತು ಒದ್ದಾಡುತ್ತಿದ್ದರು. ನಾನು ಕಂಡ ಅಷ್ಟು ಪ್ರಾಧ್ಯಾಪಕರಲ್ಲಿ ಅವರಷ್ಟು ಓದಿದವರು ಇರಬಹುದು, ಅವರಷ್ಟು ಕೇಳಿಸಿಕೊಂಡವರು ಇರಲಿಲ್ಲ.

ಸೇರಿದ ಮೊದಲ ವಾರವೇ ಮಂಗಳಾರತಿ ಆಯಿತು. ರೇಷನ್ ಕಾರ್ಡಿನ ಸಮೀಕ್ಷೆ. ಒಂದು ಮನೆಯ ಒಳಗೆ ನಿಂತು, "ನಿಮ್ಮ ಮನೆಯಲ್ಲಿ ಎಷ್ಟು ಜನ?" ಎಂದು ಕೇಳಿದೆ. ನಾಲ್ಕು ಎಂದರು, ನಾಲ್ಕು ಎಂದು ಬರೆದೆ. ಹಿಂದೆ ನಿಂತಿದ್ದ ಮೇಡಂ ಹೊರಗೆ ಬಂದ ಮೇಲೆ ಕೇಳಿದರು.

"ಬಾಗಿಲ ಹತ್ತಿರ ಚಪ್ಪಲಿ ಎಷ್ಟು ಜೊತೆ ಇತ್ತು ಕೊಟ್ರೇಶ್?"

"ನೋಡಲಿಲ್ಲ ಮೇಡಂ."

"ಏಳು. ನೀವು ಪೇಪರ್ ಹಿಡಿದುಕೊಂಡು ಹೋದ್ರೆ ಅವರು ಕಾರ್ಡಲ್ಲಿ ಇರುವ ಲೆಕ್ಕ ಹೇಳ್ತಾರೆ. ನಿನ್ನೆ ರಾತ್ರಿ ಈ ಒಲೆಯ ಅಡುಗೆ ಯಾರೆಲ್ಲ ಉಂಡ್ರು ಅಂತ ಕೇಳಿ."

ಮತ್ತೆ ಒಳಗೆ ಹೋಗಿ ಹಾಗೇ ಕೇಳಿದೆ. ಮನೆಯಾಕೆ ಬೆರಳು ಮಡಚುತ್ತಾ ಏಳು ಹೆಸರು ಹೇಳಿದಳು. ಮೈದುನ, ಅವನ ಹೆಂಡತಿ, ಊರಿನಿಂದ ಕೆಲಸ ಹುಡುಕಿ ಬಂದ ಅಣ್ಣನ ಮಗ ಎಲ್ಲರೂ ಲೆಕ್ಕಕ್ಕೆ ಬಂದರು. ಆವತ್ತಿನಿಂದ ನಿವೃತ್ತಿಯಾಗುವವರೆಗೂ ನಾನು ಆ ಪ್ರಶ್ನೆಯನ್ನು ಹಾಗೇ ಕೇಳಿದ್ದೇನೆ.

ಮೇಡಂ ಹತ್ತಿರ ಇನ್ನೊಂದು ಪದ್ಧತಿ ಇತ್ತು. ಯಾವ ಪ್ರಶ್ನಾವಳಿಯೂ ಕೇಂದ್ರದ ಗೇಟಿನ ಹೊರಗೆ ಚಹಾ ಮಾರುವ ರಾಮದೀನ್ ಭಯ್ಯಾನನ್ನು ದಾಟದೆ ಹೊರಗೆ ಹೋಗುವ ಹಾಗಿರಲಿಲ್ಲ. ವಿದೇಶದಲ್ಲಿ ಓದಿ ಬಂದ ಸಂಶೋಧಕರು ಕೂಡ ಅವನ ಬೆಂಚಿನ ಮೇಲೆ ಕೂತು ಪ್ರಶ್ನೆ ಓದಬೇಕು. ಅವನು ತಲೆ ಕೆರೆದರೆ ಆ ಪ್ರಶ್ನೆ ಹೋಯಿತು ಎಂದೇ ಅರ್ಥ. ಒಮ್ಮೆ ಒಬ್ಬರು ಬಹಳ ಠೀವಿಯಿಂದ, "ಸರ್ಕಾರದ ಸೇವೆಗಳ ಗುಣಮಟ್ಟ ನಿಮಗೆ ಪೂರ್ಣ ತೃಪ್ತಿ, ಭಾಗಶಃ ತೃಪ್ತಿ, ಅತೃಪ್ತಿ, ಇವುಗಳಲ್ಲಿ ಯಾವುದನ್ನು ತಂದಿದೆ?" ಎಂದು ಹಿಂದಿಯಲ್ಲಿ ಓದಿದರು. ರಾಮದೀನ್ ಚಹಾ ಸೋಸುವುದನ್ನು ನಿಲ್ಲಿಸಿ, "ಸಾಹೇಬರೇ, ಯಾವುದು ಹೇಳಿದರೆ ನಿಮಗೆ ಅನುಕೂಲ?" ಎಂದ. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ಪ್ರಶ್ನೆಯ ಜಾಗದಲ್ಲಿ "ಹೋದ ತಿಂಗಳು ಯಾವ ಆಫೀಸಿಗೆ ಹೋಗಿದ್ದಿರಿ, ಕೆಲಸ ಆಯಿತೇ, ಎಷ್ಟು ಸಲ ತಿರುಗಿದಿರಿ?" ಎಂಬ ಪ್ರಶ್ನೆ ಬಂತು.

ಆಗ ಎಲ್ಲವೂ ಕಾಗದದ ಮೇಲೆ. ನಾನು ಬಿಡುವ ಹೊತ್ತಿಗೆ ಅಂಗೈ ಅಗಲದ ಯಂತ್ರಗಳು ಬಂದವು. ಯಂತ್ರ ಬಂದ ಹೊಸದರಲ್ಲಿ ನನಗೆ ಸಿಟ್ಟು. ಹುಡುಗರು ಎದುರಿಗಿದ್ದವರ ಮುಖ ನೋಡುವುದು ಬಿಟ್ಟು ಪರದೆ ನೋಡುತ್ತಿದ್ದರು. ಮನೆಯವರು ಉತ್ತರ ಹೇಳುವ ಮೊದಲು ಒಂದು ನಿಟ್ಟುಸಿರು ಬಿಟ್ಟರೆ ಅದಕ್ಕೆ ಯಂತ್ರದಲ್ಲಿ ಜಾಗವಿಲ್ಲ, ಕಾಗದದ ಅಂಚಿನಲ್ಲಿ ಇತ್ತು. ಆದರೆ ಯಂತ್ರ ಒಂದು ಒಳ್ಳೆಯದನ್ನು ಮಾಡಿತು. ಯಾವ ಮನೆಗೆ ಎಷ್ಟು ಹೊತ್ತಿಗೆ, ಎಷ್ಟು ಸಲ ಹೋದಿರಿ ಎಂಬುದನ್ನು ತಾನೇ ಬರೆದುಕೊಳ್ಳತೊಡಗಿತು. ನಮ್ಮ ಕಾಲದಲ್ಲಿ ಅದೊಂದು ಇದ್ದಿದ್ದರೆ ನಾನು ಮುಂದೆ ಹೇಳುವ ತಪ್ಪು ಮಾಡಿದ ಮರುದಿನವೇ ಸಿಕ್ಕಿಬೀಳುತ್ತಿತ್ತು.

ದಿಲ್ಲಿಯ ಅಂಚಿನಲ್ಲಿರುವ ರೋಹಿಣಿಯ ಕಡೆಗೆ ಮೆಟ್ರೋ ಓಡಲು ಶುರುವಾದ ಹೊಸತು. ರೋಹಿಣಿಯ ಆಚೆ, ಕೊನೆಯ ಸ್ಟೇಶನ್ನಿನಿಂದ ಮತ್ತೆ ಬಸ್ಸು ಹಿಡಿದು ಹೋಗಬೇಕಾದ ಕಡೆ, ಒಂದು ಪುನರ್ವಸತಿ ಕಾಲೊನಿ ಇತ್ತು. ನಗರದ ಒಳಗಿನ ಜೋಪಡಿಗಳನ್ನು ಎಬ್ಬಿಸಿ ಅಲ್ಲಿ ತಂದು ಕೂರಿಸಿದ್ದರು. ಪೈಪು ಹಾಕಿದ್ದರು, ಜೊತೆಗೆ ದಿನಾ ಟ್ಯಾಂಕರೂ ಬರುತ್ತಿತ್ತು. ಪೈಪು ಇದ್ದ ಮೇಲೆ ಟ್ಯಾಂಕರ್ ಯಾಕೆ, ನಿಲ್ಲಿಸಬಹುದೇ ಎಂಬುದನ್ನು ಒಂದು ಸರ್ಕಾರಿ ಸಮಿತಿ ತೀರ್ಮಾನಿಸಬೇಕಿತ್ತು. ಅದಕ್ಕೆ ಮೊದಲು ಎಷ್ಟು ಮನೆಗಳಿಗೆ ನಲ್ಲಿಯಲ್ಲಿ ನೀರು ಬರುತ್ತಿದೆ ಎಂದು ನೋಡಿ ಹೇಳುವ ಕೆಲಸ ನಮ್ಮ ಕೇಂದ್ರಕ್ಕೆ ಬಂತು.

ಮೇಡಂ ಎಂದಿನಂತೆ ಸೂಚನೆಯ ಪುಸ್ತಿಕೆ ಬರೆದರು. ಯಾವ ಮನೆಗಳಿಗೆ ಹೋಗಬೇಕೆಂಬ ಪಟ್ಟಿ ಚೀಟಿ ಎತ್ತಿದ ಹಾಗೆ ಮೊದಲೇ ತೆಗೆದಿರುತ್ತದೆ. ಆ ಮನೆಗೆ ಬೀಗ ಹಾಕಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು, ಯಾವ ಕಾರಣಕ್ಕೂ ಪಕ್ಕದ ಮನೆಯನ್ನು ಸೇರಿಸಿಕೊಳ್ಳಬಾರದು ಎಂದು ಸ್ಪಷ್ಟವಾಗಿ ಬರೆದಿದ್ದರು. ಅದನ್ನು ಹಿಂದಿಗೆ ಮಾಡಿದವನು ನಾನೇ. ಕೆಲಸ ಶುರುವಾದ ಮರುದಿನ ಮಂಗಳೂರಿನಿಂದ ಫೋನ್ ಬಂತು. ಅವರ ತಾಯಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. "ನೀವು ನೋಡಿಕೊಳ್ಳಿ ಕೊಟ್ರೇಶ್" ಎಂದು ಹೇಳಿ ಮೇಡಂ ರೈಲು ಹತ್ತಿದರು.

ಜೂನ್ ತಿಂಗಳು. ಲೂ ಎಂದು ಅಲ್ಲಿಯವರು ಕರೆಯುವ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅದರ ಮೇಲೆ ಸಮಿತಿಯವರು ಸಭೆಯನ್ನು ಹತ್ತು ದಿನ ಮುಂಚೆಗೆ ತಂದರು. ಬೆಳಿಗ್ಗೆ ಹತ್ತಕ್ಕೆ ತಲುಪಿ ನಾಲ್ಕಕ್ಕೆ ಹೊರಡುವುದು ನಮ್ಮ ಹೊತ್ತು. ತಂಡದಲ್ಲಿ ಆಯೇಶಾ ಎಂಬ ಕಲಬುರ್ಗಿಯ ಹುಡುಗಿ ಇದ್ದಳು, ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾ ರಜೆಯಲ್ಲಿ ನಮ್ಮ ಜೊತೆ ಬಂದವಳು. ಮೂರನೇ ದಿನ ಅವಳು ಬೆವರೊರೆಸಿಕೊಳ್ಳುತ್ತಾ ಬಂದು ನಿಂತಳು.

"ಸರ್, ಈ ಗಲ್ಲಿಯಲ್ಲಿ ಮತ್ತೆ ಬೀಗ ಇದೆ. ಸಂಜೆ ಒಂದ್ಸಲ ಬಂದು ನೋಡೋಣವಾ?"

"ಸಂಜೆ ಬಂದ್ರೆ ಮುಗಿಯೋದು ಯಾವಾಗಮ್ಮಾ? ಪಕ್ಕದ ಮನೆ ಮಾಡಿಬಿಡು. ಚಲೋ, ಚಲೋ."

"ಪುಸ್ತಿಕೆಯಲ್ಲಿ ಬೇಡ ಅಂತ ಇದೆಯಲ್ಲ ಸರ್?"

"ಪುಸ್ತಿಕೆ ಬರೆದವರು ಫ್ಯಾನಿನ ಕೆಳಗೆ ಕೂತು ಬರೀತಾರೆ. ನಾನು ಹೇಳಿದ್ದು ಮಾಡು."

ಎಲ್ಲ ತಂಡಕ್ಕೂ ಅದನ್ನೇ ಹೇಳಿದೆ. ಮೇಡಂ ಯಾವತ್ತೂ ಫ್ಯಾನಿನ ಕೆಳಗೆ ಕೂತು ಬರೆದವರಲ್ಲ, ನನ್ನ ಪಕ್ಕದಲ್ಲಿ ಬಿಸಿಲಲ್ಲಿ ನಿಂತವರು. ಆ ಮಾತು ಆಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹೇಳಿದ ದಿನಕ್ಕೆ ಮುಗಿಸಿದೆವು. ಹತ್ತರಲ್ಲಿ ಒಂದು ಮನೆಗೆ ನಾನೇ ಮತ್ತೆ ಹೋಗಿ ಉತ್ತರಗಳನ್ನು ತಾಳೆ ನೋಡುವ ಪದ್ಧತಿ ಇತ್ತು. ನೋಡಿದೆ, ಎಲ್ಲ ಸರಿ ಇತ್ತು. ಮೇಡಂ ಊರಿನಿಂದ ಬಂದವರು ಕೋಷ್ಟಕಗಳನ್ನು ನೋಡಿ, "ಇಷ್ಟು ಬೇಗ ಹೇಗೆ ಮುಗಿಯಿತು?" ಎಂದರು. "ಹುಡುಗರು ಚುರುಕು ಮೇಡಂ" ಎಂದೆ. ಬಹುಪಾಲು ಮನೆಗಳಿಗೆ ನಲ್ಲಿಯಲ್ಲೇ ನೀರು ಬರುತ್ತಿದೆ ಎಂಬ ಸಂಕ್ಷಿಪ್ತ ವರದಿ ಸಮಿತಿಗೆ ಹೋಯಿತು.

ಸಭೆಯ ಹಿಂದಿನ ದಿನ ಆಯೇಶಾ ನನ್ನ ಮೇಜಿನ ಹತ್ತಿರ ಬಂದು ತನ್ನ ನೋಟ್‌ಬುಕ್ ತೆರೆದಿಟ್ಟಳು. ಬೀಗ ಹಾಕಿದ್ದ ಮನೆಗಳ ನಂಬರನ್ನೆಲ್ಲ ಅವಳು ಬರೆದಿಟ್ಟುಕೊಂಡಿದ್ದಳು. ಕಾಲೊನಿಯ ನಕ್ಷೆಯ ಮೇಲೆ ಅವುಗಳಿಗೆ ಕೆಂಪು ಚುಕ್ಕೆ ಹಾಕಿದ್ದಳು. ಚುಕ್ಕೆಗಳೆಲ್ಲ ಗಲ್ಲಿಗಳ ಕೊನೆಯಲ್ಲಿ ಗುಂಪಾಗಿ ಕೂತಿದ್ದವು.

"ಬೀಗ ಅಂದಮೇಲೆ ಎಲ್ಲಾ ಕಡೆ ಚದುರಿರಬೇಕಲ್ವಾ ಸರ್? ಇಲ್ಲಿ ಮಾತ್ರ ಯಾಕೆ?"

"ಈಗ ಹೇಳ್ತೀಯಲ್ಲಮ್ಮಾ" ಎಂದು ಗದರಿದೆ. ಅವಳು ನಕ್ಷೆಯನ್ನು ಅಲ್ಲೇ ಬಿಟ್ಟು ಹೋದಳು. ಅದನ್ನು ಜನಕಪುರಿಯ ನನ್ನ ಮನೆಗೆ ಒಯ್ದು ರಾತ್ರಿ ಮತ್ತೆ ಮತ್ತೆ ನೋಡಿದೆ. ಮರುದಿನ ಬೆಳಕು ಹರಿಯುತ್ತಲೇ ಬಸ್ಸು ಹಿಡಿದು ಕಾಲೊನಿಗೆ ಹೋದೆ. ಅಷ್ಟು ಬೆಳಿಗ್ಗೆ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ಗಲ್ಲಿಯ ಕೊನೆಯ ಮನೆಗಳ ಬಾಗಿಲುಗಳೆಲ್ಲ ತೆರೆದಿದ್ದವು. ಒಬ್ಬ ಹೆಂಗಸು ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ಮೇನ್ ರೋಡಿನ ಕಡೆಯಿಂದ ಬಂದಳು. ಹೆಸರು ಸುನೀತಾ, ರೋಹಿಣಿಯ ಮನೆಗಳಲ್ಲಿ ಅಡುಗೆ ಕೆಲಸ. ನಾನು ಯಾರೆಂದು ಹೇಳಿ, ನಿಮ್ಮ ನಲ್ಲಿ ನೋಡಬಹುದೇ ಎಂದು ಕೇಳಿದೆ. ಅವಳು ಒಂದು ಕ್ಯಾನು ಇಳಿಸಿ ತಿರುಗಿಸಿದಳು. ಗಾಳಿ ಸುಯ್ ಎಂದಿತು, ಒಂದು ಹನಿಯೂ ಬರಲಿಲ್ಲ. ಗಲ್ಲಿಯ ಮೊದಲ ಮನೆಗಳವರು ಹಿಡಿದುಕೊಂಡ ಮೇಲೆ ಕೊನೆಗೆ ಒತ್ತಡವೇ ಉಳಿಯುವುದಿಲ್ಲವಂತೆ. ಬೆಳಿಗ್ಗೆ ಟ್ಯಾಂಕರಿನ ಸಾಲಿನಲ್ಲಿ ನಿಂತು, ನೀರು ತಂದಿಟ್ಟು, ಬೀಗ ಹಾಕಿ ಅವಳು ಕೆಲಸಕ್ಕೆ ಹೋಗುತ್ತಾಳೆ. ಟ್ಯಾಂಕರ್ ತಡವಾದರೆ ಹಿರಿಯ ಮಗಳೂ ಮಧ್ಯಾಹ್ನವೆಲ್ಲ ಸಾಲಿನಲ್ಲೇ, ಶಾಲೆಯಿದ್ದ ದಿನ ಶಾಲೆಯೂ ತಪ್ಪುತ್ತದೆ.

"ನಾವು ಹಗಲು ಬಂದಾಗ ಬೀಗ ಇತ್ತು" ಎಂದೆ.

"ನಲ್ಲಿಯಲ್ಲಿ ನೀರು ಬರ್ತಿದ್ದರೆ ಮನೆಯಲ್ಲಿ ಯಾರಾದರೂ ಸಿಗ್ತಿದ್ದೆವು ಭಯ್ಯಾ" ಎಂದಳು. ಆಮೇಲೆ ಇನ್ನೊಂದು ಕ್ಯಾನನ್ನೂ ಕೆಳಗಿಟ್ಟು ನನ್ನನ್ನೇ ಕೇಳಿದಳು, "ಟ್ಯಾಂಕರ್ ನಿಲ್ಲಿಸ್ತಾರಂತೆ, ಡ್ರೈವರ್ ಹೇಳಿದ. ಯಾರೋ ಓದಿದವರು ಬಂದು, ಇಲ್ಲಿ ಎಲ್ಲರಿಗೂ ನೀರಿದೆ ಅಂತ ಬರೆದುಕೊಟ್ಟರಂತೆ. ನಿಮಗೇನಾದರೂ ಗೊತ್ತಾ?"

ಆ ಓದಿದವರು ನಾವೇ. ನಾವು ಬರೆದ ಒಂದೊಂದು ಉತ್ತರವೂ ನಿಜವಾಗಿತ್ತು. ನೀರಿದ್ದವರು ಮನೆಯಲ್ಲಿದ್ದರು, ಅವರನ್ನೇ ಕೇಳಿ ಬಂದಿದ್ದೆವು. ಬೀಗದ ಮನೆ ಸಿಕ್ಕಾಗಲೆಲ್ಲ ನೀರಿಲ್ಲದವರನ್ನು ತೆಗೆದು ನೀರಿದ್ದವರನ್ನು ಹಾಕಿದ್ದೆವು. ಹಾಕಿಸಿದವನು ನಾನು.

ಹತ್ತೂವರೆಗೆ ಹೌಜ್ ಖಾಸ್‌ಗೆ ಬಂದು ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಸಭೆ ಮೂರು ಗಂಟೆಗೆ. ಅವರು ಆಯೇಶಾಳ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಪುಸ್ತಿಕೆಯಲ್ಲಿ ಮೂರು ಸಲ ಹೋಗಿ ಅಂತ ಇತ್ತಲ್ಲ?"

"ಇತ್ತು ಮೇಡಂ."

"ನೀವು ಓದಿದ್ರಾ?"

"ನಾನೇ ಹಿಂದಿಗೆ ಮಾಡಿದ್ದು."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಈ ಹುಡುಗಿಯನ್ನು ಬಿಡಬೇಡಿ, ಮುಂದಿನ ಸಲವೂ ಕರೆಯಿರಿ" ಎಂದರು. ಆಮೇಲೆ, "ಅಚ್ಛಾ, ಹೋಗುವ" ಎಂದು ಎದ್ದರು.

ಸಭೆಯ ಕೋಣೆಯಲ್ಲಿ ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಅಧ್ಯಕ್ಷರಾಗಿದ್ದ ಹಿರಿಯ ಅಧಿಕಾರಿ ನಮ್ಮ ವರದಿಯನ್ನು ಹೊಗಳಿಯೇ ಶುರು ಮಾಡಿದರು. ಮೇಡಂ ಕೈಯೆತ್ತಿ, "ಸರ್, ಆ ವರದಿಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಅದು ತಪ್ಪು. ನನಗೆ ಮೂರು ವಾರ ಬೇಕು" ಎಂದರು. ಕೋಣೆಯಲ್ಲಿ ಯಾರೋ ನಕ್ಕರು. ಅಧಿಕಾರಿ ಪೆನ್ನು ಕೆಳಗಿಟ್ಟು, "ನೀವು ಪ್ರೊಫೆಸರುಗಳಿಗೆ ಯಾವಾಗಲೂ ಇನ್ನಷ್ಟು ಸಮಯ ಬೇಕು. ತಪ್ಪು ಮಾಡಿದವರು ಯಾರು? ಕೆಳಗಿನ ಸಿಬ್ಬಂದಿಯ ಎಡವಟ್ಟಾದರೆ ಅವರನ್ನು ಬದಲಿಸಿ, ಅಂಕಿ ಅಲ್ಪಸ್ವಲ್ಪ ತಿದ್ದಿಕೊಡಿ, ಇವತ್ತೇ ಮುಗಿಸೋಣ" ಎಂದರು.

"ಸಿಬ್ಬಂದಿಯದಲ್ಲ" ಎಂದರು ಮೇಡಂ. "ಬೀಗ ಹಾಕಿದ ಮನೆಗೆ ಏನು ಮಾಡಬೇಕೆಂದು ನನ್ನ ಸೂಚನೆ ಸ್ಪಷ್ಟವಾಗಿರಲಿಲ್ಲ. ಅಧ್ಯಯನವನ್ನು ಯೋಜಿಸಿದ್ದೇ ತಪ್ಪಾಗಿತ್ತು. ಆದ್ದರಿಂದ ಅದರ ಒಂದು ಅಂಕಿಯನ್ನೂ ನಂಬುವ ಹಾಗಿಲ್ಲ."

ಒಂದು ಚಪ್ಪಲಿ ಜೊತೆಯ ಲೆಕ್ಕ ತಪ್ಪಿದರೂ ಬಿಡದ ಹೆಂಗಸು, ನಾನು ಕಂಡ ಹಾಗೆ ಜೀವನದಲ್ಲಿ ಒಂದೇ ಒಂದು ಸುಳ್ಳು ಹೇಳಿದರು. ಆ ಪುಸ್ತಿಕೆ ನನ್ನ ಚೀಲದಲ್ಲಿತ್ತು, ಚೀಲ ನನ್ನ ಕಾಲ ಬಳಿ ಇತ್ತು. ಎದ್ದು ನಿಂತು "ಇಲ್ಲ ಸರ್, ಸ್ಪಷ್ಟವಾಗಿ ಬರೆದಿತ್ತು, ನಾನು ಮೀರಿದೆ" ಎನ್ನಬೇಕಿತ್ತು. ಮಗಳ ಕಾಲೇಜು ನೆನಪಾಯಿತು, ಮನೆ ಬಾಡಿಗೆ ನೆನಪಾಯಿತು. ನಾನು ಏಳಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಕೇಳಿದೆ, "ಯಾಕೆ ಹಾಗೆ ಹೇಳಿದ್ರಿ ಮೇಡಂ?"

"ಎಂತ ಮಾಡುದು ಮಾರಾಯ್ರೆ? ನಿಮ್ಮ ಹೆಸರು ಹೇಳಿದ್ರೆ ಅವರು ನಿಮ್ಮನ್ನು ತೆಗೆದು ಅಂಕಿಯನ್ನು ಇಟ್ಟುಕೊಳ್ತಿದ್ರು. ನನ್ನ ತಪ್ಪು ಅಂದ್ರೆ ವರದಿಯನ್ನೇ ಎಸೀಬೇಕಾಗ್ತದೆ. ಟ್ಯಾಂಕರ್ ಮೂರು ವಾರವಾದ್ರೂ ನಿಲ್ಲುದಿಲ್ಲ." ಆಯೇಶಾಳ ನಕ್ಷೆಯನ್ನು ನನ್ನ ಕೈಗೆ ಕೊಟ್ಟು, "ಅಷ್ಟರಲ್ಲಿ ಸರಿಯಾಗಿ ಎಣಿಸಿ ಕೊಡಿ" ಎಂದರು.

ಆ ಮೂರು ವಾರ ನಾನು ಯಾವತ್ತೂ ಮಾಡದ ಹಾಗೆ ಕೆಲಸ ಮಾಡಿದೆ. ಬೆಳಿಗ್ಗೆ ಆರಕ್ಕೆ ಗಲ್ಲಿಯಲ್ಲಿರುತ್ತಿದ್ದೆವು, ಸಂಜೆ ಐದರ ಮೇಲೆ ಮತ್ತೆ. ಮೇಡಂ ಕೂಡ ಒದ್ದೆ ಟವೆಲ್ ಹೊದ್ದು ಬರುತ್ತಿದ್ದರು. ಸುನೀತಾಳ ಮನೆಗೆ ಆಯೇಶಾ ಹೋದಾಗ, "ಇವತ್ತು ಸಿಕ್ಕಿದ್ದೇನೆ, ಎಲ್ಲಾ ಬರೆದುಕೊಳ್ಳಿ" ಎಂದು ಅವಳು ನೆರೆಯವರನ್ನೂ ಕೂಗಿ ಕರೆದಳಂತೆ. ಹೊಸ ವರದಿ ಹಳೆಯದಕ್ಕೆ ತದ್ವಿರುದ್ಧವಾಗಿತ್ತು. ಟ್ಯಾಂಕರ್ ನಿಲ್ಲಲಿಲ್ಲ. ಮೇನ್ ರೋಡಿನಲ್ಲಿ ನಿಲ್ಲುತ್ತಿದ್ದದ್ದು ಗಲ್ಲಿಗಳ ಕೊನೆಯವರೆಗೆ ಬರತೊಡಗಿತು.

ಅದರ ಬೆಲೆ ತೆತ್ತವರು ಮೇಡಂ. ಮುಂದಿನ ವರ್ಷದ ದೊಡ್ಡ ಅಧ್ಯಯನ ನಮ್ಮ ಕೇಂದ್ರಕ್ಕೆ ಬರಲಿಲ್ಲ. ಹೊಸ ವರದಿಯ ಅನುಬಂಧದಲ್ಲಿ ಅವರು, ಸೂಚನೆ ಅಸ್ಪಷ್ಟವಾಗಿದ್ದರಿಂದ ಮೊದಲ ಸಮೀಕ್ಷೆ ಕೆಟ್ಟಿತು, ಇದರ ಹೊಣೆ ನನ್ನದು ಎಂದು ಬರೆದು ಸಹಿ ಹಾಕಿದರು. ಕೆಲವು ವರ್ಷದ ಮೇಲೆ ಒಂದು ವಿಚಾರ ಸಂಕಿರಣದಲ್ಲಿ ಒಬ್ಬ ಯುವ ಉಪನ್ಯಾಸಕ ಅದೇ ಪುಟವನ್ನು ಪರದೆಯ ಮೇಲೆ ತೋರಿಸಿ, ಸಮೀಕ್ಷೆಯನ್ನು ಹೇಗೆ ಯೋಜಿಸಬಾರದು ಎಂಬುದಕ್ಕೆ ಇದು ಉದಾಹರಣೆ ಎಂದ. ಸಭೆ ನಕ್ಕಿತು. ಮೇಡಂ ಎರಡನೇ ಸಾಲಿನಲ್ಲಿ ಕೂತಿದ್ದರು. ಊಟದ ಹೊತ್ತಿಗೆ ನನ್ನ ಹತ್ತಿರ ಬಂದು, "ಒಳ್ಳೆ ಮಾತಾಡಿದ ಅಲ್ವಾ? ಹುಡುಗರು ಹೀಗೆ ಧೈರ್ಯವಾಗಿ ಹೇಳಬೇಕು" ಎಂದರು. ಆವತ್ತೂ ನಾನು ಬಾಯಿ ಬಿಡಲಿಲ್ಲ.

ಮೇಡಂ ಈಗ ಮಂಗಳೂರಿನಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ. ಇದನ್ನು ಬರೆಯುವ ಮೊದಲು ಫೋನ್ ಮಾಡಿ, "ಆ ವಿಷಯ ಬರೀತೀನಿ ಮೇಡಂ" ಎಂದೆ. ಎರಡು ಸಲ ಹೇಳಬೇಕಾಯಿತು. "ಬೇಡ, ಬೇಡ. ಅದೆಲ್ಲ ಈಗ ಯಾಕೆ? ಬರೆಯಬೇಡಿ" ಎಂದು ಖಡಾಖಂಡಿತವಾಗಿ ಹೇಳಿದರು. ಅವರ ಸೂಚನೆ ಅಂದೂ ಸ್ಪಷ್ಟವಾಗಿತ್ತು, ಇಂದೂ ಸ್ಪಷ್ಟವಾಗಿದೆ. ಎರಡು ಸಲವೂ ಮೀರಿದವನು ನಾನು.

ಆ ವರದಿ ಇನ್ನೂ ಗ್ರಂಥಾಲಯಗಳಲ್ಲಿದೆ, ಆ ಅನುಬಂಧವನ್ನು ಇನ್ನೂ ತರಗತಿಗಳಲ್ಲಿ ಓದಿಸುತ್ತಾರೆ ಎಂದು ಕೇಳಿದ್ದೇನೆ. ನಿಮ್ಮ ಕೈಗೆ ಅದು ಬಂದರೆ ದಯವಿಟ್ಟು ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಹೊಣೆ ನನ್ನದು ಎಂಬ ಸಾಲಿನ ಕೆಳಗಿರುವ ಪ್ರೊಫೆಸರ್ ಲವೀನಾ ಎಂಬ ಹೆಸರನ್ನು ಹೊಡೆದು ಹಾಕಿ, ಕೊಟ್ರೇಶ ಎಂದು ಬರೆದುಕೊಳ್ಳಿ.